ಒಂದೇ ಮೈ, ಹಲವು ಕಡತ

ದಲಿತ ಹೆಣ್ಣಿನ ಮೇಲೆ ಅತ್ಯಾಚಾರ ನಡೆದಾಗ ನಮ್ಮ ಕರಪತ್ರಗಳಲ್ಲಿ ಬರುವ ಮೊದಲ ಶಬ್ದ ‘ಅವಮಾನ’. ಯಾರಿಗೆ ಅವಮಾನ? ಕೇರಿಗೆ, ಜನಾಂಗಕ್ಕೆ, ಕಡೆಗೆ ಚಳವಳಿಗೆ. ಆ ಹೆಣ್ಣಿಗೆ ಆದದ್ದು ಗಾಯ, ತಪ್ಪಿಹೋದ ಕೂಲಿ, ನಾಳೆ ಮತ್ತೆ ಅದೇ ಹೊಲದ ಬದುವಿನ ಮೇಲೆ ನಡೆಯಬೇಕಲ್ಲ ಎಂಬ ದಿಗಿಲು. ಇವೆಲ್ಲ ಒಂದು ಹಾಳೆಯ ಕರಪತ್ರದಲ್ಲಿ ಹಿಡಿಸುವುದಿಲ್ಲ ಅಂತ ಬಿಡೋಣ. ಆದರೆ ದಲಿತ ವಿಮರ್ಶೆಯೂ ಇದೇ ಶಬ್ದವನ್ನು ಎತ್ತಿಕೊಂಡು ಇಷ್ಟು ವರ್ಷ ಕೃತಿಗಳನ್ನು ಓದುತ್ತಾ ಬಂತಲ್ಲ, ನನ್ನ ತಕರಾರು ಅದರ ಮೇಲೆ. ಹೆಣ್ಣಿನ ಮೈ ಯಾರದೋ ಮಾನವನ್ನು ಇಟ್ಟುಕೊಳ್ಳುವ ಪೆಟ್ಟಿಗೆ ಎಂದು ಒಪ್ಪಿಕೊಂಡ ಮೇಲಷ್ಟೇ ಆ ಶಬ್ದಕ್ಕೆ ಅರ್ಥ ಬರುವುದು. ಮನುವಿನ ಲೆಕ್ಕವೂ ಅದೇ ತಾನೆ?

ಕಾಲೇಜುಗಳಲ್ಲಿ ಇದು ಪಠ್ಯಕ್ರಮದ ರೂಪದಲ್ಲೇ ಬಂದು ಕೂತಿದೆ. ಒಂದು ಘಟಕ ದಲಿತ ಸಾಹಿತ್ಯ, ಇನ್ನೊಂದು ಸ್ತ್ರೀವಾದಿ ಸಾಹಿತ್ಯ. ಮೊದಲನೆಯದರಲ್ಲಿ ಜಾತಿ ಇದೆ, ಎರಡನೆಯದರಲ್ಲಿ ಹೆಣ್ಣು ಇದ್ದಾಳೆ. ‘ಗೀತಾ ನಾಗಭೂಷಣ ಯಾವ ಘಟಕಕ್ಕೆ ಬರ್ತಾರೆ ಮೇಡಂ?’ ಎಂದು ಹುಡುಗರು ಕೇಳುವುದು ಪರೀಕ್ಷೆಯ ಭಯದಿಂದ. ಆದರೆ ವಿಮರ್ಶೆ ಇನ್ನೂ ಸರಿಯಾಗಿ ಕೇಳಿಕೊಳ್ಳದ ಪ್ರಶ್ನೆ ಅದು.

‘ಒಡಲಾಳ’ದ ಸಾಕವ್ವನನ್ನೇ ನೋಡಿ. ದೇವನೂರ ಮಹಾದೇವ ಬರೆದದ್ದು ಕಳೆದುಹೋದ ಹುಂಜಕ್ಕಾಗಿ ಕೇರಿಯನ್ನೇ ಜಾಲಾಡುವ, ಮನೆಮಂದಿಯ ಮೇಲೆ ಹರಿಹಾಯುವ ಒಬ್ಬ ಮುದುಕಿಯನ್ನು. ನಾವು ಅವಳನ್ನು ಭೂಮಿತಾಯಿ, ಆದಿಮ ಚೈತನ್ಯ ಎಂದೆಲ್ಲ ಕರೆದೆವು. ಆ ಮನೆಯ ಗೋಡೆಯ ಮೇಲೆ ಒಬ್ಬ ಹುಡುಗಿ ನವಿಲು ಬಿಡಿಸುತ್ತಾಳೆ. ಕದ್ದ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಅದೇ ಮನೆಗೆ ನುಗ್ಗುತ್ತಾರೆ. ನವಿಲಿನ ಸಂಕೇತದ ಬಗ್ಗೆ ಎಷ್ಟು ಬರೆದಿದ್ದೇವೆ! ಖಾಕಿ ಹೊಸಿಲು ದಾಟಿದಾಗ ಆ ಹುಡುಗಿಯ ಭಯವೂ ಮನೆಯ ಗಂಡಸರ ಭಯವೂ ಒಂದೇ ಬಗೆಯದೇ ಎಂದು ಕೇಳಿದ್ದು ಕಡಿಮೆ. ‘ಕುಸುಮಬಾಲೆ’ಯಲ್ಲೂ (1984) ಅಷ್ಟೇ, ಚೆನ್ನನ ಕೊಲೆ ನಮ್ಮ ಓದಿನ ನಡುವೆ ನಿಲ್ಲುತ್ತದೆ, ಮೇಲ್ಜಾತಿ ಮನೆಯ ಕುಸುಮ ಪ್ರೇಮಕಥೆಯ ನಾಯಕಿಯಾಗಿ ಪಕ್ಕಕ್ಕೆ ಸರಿಯುತ್ತಾಳೆ. ಚೆನ್ನನನ್ನು ಕೊಂದ ಕಟ್ಟಳೆ ಅವಳ ಮೈಗೆ ಕಾವಲು ನಿಂತ ಕಟ್ಟಳೆಯೇ. ಹೆಣ್ಣನ್ನು ಜಾತಿಯೊಳಗೇ ಕಟ್ಟಿಹಾಕದೆ ಜಾತಿ ಉಳಿಯುವುದಿಲ್ಲ, ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಎಲ್ಲವೂ ಆ ಕಟ್ಟಿನ ಹಗ್ಗಗಳೇ ಎಂದು ಅಂಬೇಡ್ಕರ್ ವಿವರಿಸಿದ್ದು 1916ರಲ್ಲಿ. ನಮ್ಮ ವಿಮರ್ಶೆ ಆ ಪ್ರಬಂಧವನ್ನು ಜಾತಿಯ ಹುಟ್ಟಿನ ಸಿದ್ಧಾಂತವೆಂದಷ್ಟೇ ಓದಿತು.

ಇನ್ನೊಂದು ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ದಲಿತ ಹೆಣ್ಣು ಗಟ್ಟಿಗಿತ್ತಿ, ದುಡಿಯುವವಳು, ಹೊಸಿಲು ದಾಟಿದವಳು, ಮೇಲ್ಜಾತಿ ಹೆಣ್ಣಿಗಿಂತ ಸ್ವತಂತ್ರಳು. ಇದರಲ್ಲಿ ನಿಜವೂ ಇದೆ. ಆದರೆ ದಾಟಿ ಹೋಗುವುದು ಯಾರ ಗದ್ದೆಗೆ? ಅಲ್ಲಿ ಅವಳಿಗೆ ಆಗುವುದನ್ನು ನಂಬುವವರು ಯಾರು?

ರಾಜಸ್ಥಾನದ ಭಟೇರಿಯಲ್ಲಿ ನಡೆದದ್ದು ಗೊತ್ತೇ ಇದೆ. ಕುಂಬಾರ ಜಾತಿಯ ಭಂವರಿ ದೇವಿ ಸರ್ಕಾರದ ಮಹಿಳಾ ಯೋಜನೆಯ ಕಾರ್ಯಕರ್ತೆ. ಗುಜ್ಜರ ಮನೆಯೊಂದರ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಆ ಆರೋಪದಿಂದ ಬಿಟ್ಟುಬಿಟ್ಟಿತು. ಮೇಲ್ಜಾತಿಯವರು ಕೆಳಜಾತಿ ಹೆಣ್ಣನ್ನು ಮುಟ್ಟಿ ಮೈಲಿಗೆಯಾಗುವುದುಂಟೆ ಎಂಬ ಧಾಟಿಯೂ ಆ ತೀರ್ಪಿನಲ್ಲಿತ್ತು. ಆಕೆಯ ಪ್ರಕರಣದಿಂದಾಗಿಯೇ 1997ರ ವಿಶಾಖಾ ತೀರ್ಪು ಬಂತು, ಅದರಿಂದ ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯಿದೆ ಬಂತು. ಇವತ್ತು ನಗರದ ಆಫೀಸುಗಳ ಗೋಡೆಗಳಲ್ಲಿ ದೂರು ಸಮಿತಿಯ ಫಲಕ ನೇತಾಡುತ್ತಿದೆ. ಒಳ್ಳೆಯದೇ. ಆದರೆ ಭಟೇರಿಯಿಂದ ಆ ಫಲಕದವರೆಗಿನ ದಾರಿಯಲ್ಲಿ ಜಾತಿ ಎಲ್ಲಿ ಉದುರಿಹೋಯಿತು?

ತಿರುಗಾಮುರುಗಾ ಆದ ಉದಾಹರಣೆಯೂ ಇದೆ. ಆಂಧ್ರದ ಒಬ್ಬ ಅಂಧ ದಲಿತ ಹೆಣ್ಣುಮಗಳ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ಅತ್ಯಾಚಾರದ ಶಿಕ್ಷೆಯನ್ನು ಎತ್ತಿಹಿಡಿಯಿತು. ಜಾತಿ, ಹೆಣ್ತನ, ಅಂಗವೈಕಲ್ಯ ಮೂರೂ ಒಬ್ಬಳಲ್ಲಿ ಹೇಗೆ ಹೆಣೆದುಕೊಂಡಿರುತ್ತವೆ ಎಂದು ಪುಟಗಟ್ಟಲೆ ಬರೆಯಿತು. ಕಡೆಗೆ, ಜಾತಿಯ ಕಾರಣಕ್ಕೇ ನಡೆದದ್ದೆಂಬುದಕ್ಕೆ ಸಾಕ್ಷ್ಯ ಸಾಲದೆಂದು ದೌರ್ಜನ್ಯ ತಡೆ ಕಾಯಿದೆಯಡಿಯ ಶಿಕ್ಷೆಯನ್ನು ರದ್ದು ಮಾಡಿತು. ಸಂತ್ರಸ್ತೆಯ ಜಾತಿ ಗೊತ್ತಿದ್ದರೆ ಸಾಕು ಎಂಬ ತಿದ್ದುಪಡಿ 2016ರಿಂದ ಜಾರಿಗೆ ಬಂದಿತ್ತು, ಆದರೆ ಅಪರಾಧ ನಡೆದದ್ದು ಅದಕ್ಕೂ ಮೊದಲು. ಹೆಣೆದುಕೊಂಡಿದೆ ಎಂದು ಹೇಳಿದವರೇ ಎಳೆಗಳನ್ನು ಬಿಡಿಸಿ ತೋರಿಸು ಎಂದರು.

ಸರ್ಕಾರದ ಸುತ್ತೋಲೆಗಳಿಗೆ ‘ಸಮಗ್ರ’ ಎಂಬ ಶಬ್ದ ಬಹಳ ಪ್ರೀತಿ. 1989ರ ದೌರ್ಜನ್ಯ ತಡೆ ಕಾಯಿದೆ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರದವರು ಎಸಗಿದ್ದನ್ನು ಮಾತ್ರ ನೋಡುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆ ಮನೆಯನ್ನು ನೋಡುತ್ತದೆ, ಅದಕ್ಕೆ ಜಾತಿ ಕಾಣುವುದಿಲ್ಲ. ಒಂದಕ್ಕೆ ಪೊಲೀಸ್ ಠಾಣೆ, ಇನ್ನೊಂದಕ್ಕೆ ಸಿ.ಡಿ.ಪಿ.ಓ. ಕಚೇರಿ, 2015ರಿಂದ ಶುರುವಾದ ಸಖಿ ಕೇಂದ್ರಕ್ಕೆ ಹೋಗಬೇಕೆಂದರೆ ಸಾಮಾನ್ಯವಾಗಿ ಜಿಲ್ಲಾ ಕೇಂದ್ರಕ್ಕೇ ಬಸ್ಸು ಹತ್ತಬೇಕು. ಬೆಳಿಗ್ಗೆ ಗೌಡರ ಹೊಲದಲ್ಲಿ ಮೈಮೇಲೆ ಕೈ, ರಾತ್ರಿ ಅದೇ ಸುದ್ದಿಗೆ ಗಂಡನಿಂದ ಏಟು. ಒಂದೇ ದಿನ, ಒಂದೇ ಮೈ. ಎರಡು ಕಡತ, ಎರಡು ದಿನದ ಕೂಲಿ.

ಆ ರಾತ್ರಿಯ ಏಟಿನ ಮಾತು ತೆಗೆದರೆ ನಮ್ಮ ಸಂಗಾತಿಗಳಿಗೆ ಕಸಿವಿಸಿ. ‘ಮನೆಯ ಮಾತು ಬೀದಿಗೆ ತಂದರೆ ಮೇಲ್ಜಾತಿಯವರ ಕೈಗೆ ದೊಣ್ಣೆ ಕೊಟ್ಟ ಹಾಗೆ’ ಅಂತಾರೆ. ಇದು ಸುಳ್ಳು ಅಂಜಿಕೆಯಲ್ಲ. ಕುಡುಕ ದಲಿತ ಗಂಡಸಿನ ಚಿತ್ರ ತೋರಿಸಿ ಜಮೀನ್ದಾರಿಕೆಯ ಮಾತು ಮರೆಸುವವರನ್ನು ನಾನೂ ಕಂಡಿದ್ದೇನೆ. ಆದರೆ ಈ ಅಂಜಿಕೆಗೆ ನಮ್ಮ ಅಜ್ಜಿಯಂದಿರು ಸೊಪ್ಪು ಹಾಕಿರಲಿಲ್ಲ. 1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ ದಲಿತ ವರ್ಗಗಳ ಮಹಿಳಾ ಸಮ್ಮೇಳನದ ಠರಾವುಗಳನ್ನು ನೋಡಿ. ಹೆಣ್ಣಿಗೆ ವಿಚ್ಛೇದನದ ಹಕ್ಕು ಬೇಕು, ಬಹುಪತ್ನಿತ್ವ ಹೋಗಬೇಕು, ದುಡಿಯುವ ಹೆಂಗಸರಿಗೆ ರಜೆ ಬೇಕು, ಗಿರಣಿಗಳಲ್ಲಿ ಹೆಂಗಸರ ಮೇಲ್ವಿಚಾರಣೆಗೆ ಹೆಂಗಸರೇ ಬೇಕು, ಶಾಸನಸಭೆಯಲ್ಲಿ ಜಾಗ ಬೇಕು. ಗಂಡ, ಗಿರಣಿ, ಸರ್ಕಾರ ಒಂದೇ ಹಾಳೆಯಲ್ಲಿ! ಅಂಬೇಡ್ಕರ್ ವೇದಿಕೆಯ ಮೇಲೇ ಇದ್ದರು. ಚಳವಳಿ ಒಡೆದುಹೋಗಲಿಲ್ಲ. 1995ರಲ್ಲಿ ರೂತ್ ಮನೋರಮಾ ಮುಂತಾದವರು ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದಾಗ ‘ಒಡೆಯುತ್ತಿದ್ದಾರೆ’ ಎಂದವರು ನಾಗಪುರವನ್ನು ನೆನೆಯಬೇಕಿತ್ತು.

2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧಿಸಿ ಎಂದು ನಡೆದುಬಂದ ಸಾವಿರಾರು ಹೆಂಗಸರೂ ನಾಗಪುರದವರ ಮಾತನ್ನೇ ಆಡಿದರು. ಅವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರ ಹೆಂಗಸರು ಬಹಳ. ಸುಮಾರು 200 ಕಿಲೋಮೀಟರ್ ನಡಿಗೆ. ಗಂಡನ ಏಟಿನಿಂದ ಶುರುವಾದ ಮಾತು ಕೂಲಿಗೆ, ಊರೂರಿನ ಅಕ್ರಮ ಅಂಗಡಿಗೆ, ಅಬಕಾರಿ ವರಮಾನಕ್ಕೆ ಹೋಗಿ ಮುಟ್ಟುತ್ತಿತ್ತು. ಪೂರ್ತಿ ನಿಷೇಧದಿಂದ ಏಟು ನಿಲ್ಲುತ್ತದೆಂದು ನನಗೆ ಅನ್ನಿಸುವುದಿಲ್ಲ. 2007ರಲ್ಲಿ ಸಾರಾಯಿ ನಿಂತಿತು, ಏಟು ನಿಲ್ಲಲಿಲ್ಲ. ಆದರೂ ಹಿಂಸೆಯನ್ನು ಇಡಿಯಾಗಿ ಓದುವ ಕ್ರಮ ಆ ಹೆಂಗಸರಿಗೆ ಗೊತ್ತಿತ್ತು, ನಮ್ಮ ಸೆಮಿನಾರುಗಳಿಗೆ ಗೊತ್ತಿರಲಿಲ್ಲ.

ಮನೆ, ಊರು, ಗುಡಿ ಮೂರೂ ಕೂಡಿ ನಡೆಸುವ ಹಿಂಸೆ ದೇವದಾಸಿ ಪದ್ಧತಿಯದು. 1982ರ ಕರ್ನಾಟಕದ ಕಾಯಿದೆ ಮುತ್ತು ಕಟ್ಟಿಸುವವರಿಗೆ ಶಿಕ್ಷೆ ಇಟ್ಟಿತು, ತಾಯ್ತಂದೆಯಾದರೆ ಹೆಚ್ಚಿನ ಶಿಕ್ಷೆ. ಮುತ್ತು ಕಟ್ಟಿಸಿಕೊಂಡ ಹುಡುಗಿಯ ಮನೆಗೆ ಕತ್ತಲಾದ ಮೇಲೆ ಬರುವವನ ಸುದ್ದಿಯೇ ಅದರಲ್ಲಿಲ್ಲ. ಸರ್ಕಾರದ ಎರಡು ಸಮೀಕ್ಷೆಗಳಲ್ಲಿ (1993–94, 2007–08) ಸೇರಿ 46,660 ಹೆಣ್ಣುಮಕ್ಕಳ ಹೆಸರಿದೆ, ಬಹುಪಾಲು ದಲಿತರು. ಬಂದುಹೋದ ಗಂಡಸರ ಪಟ್ಟಿಯನ್ನು ಯಾರೂ ಮಾಡಲಿಲ್ಲ. ಮಕ್ಕಳು ತಂದೆಯನ್ನು ಗುರುತಿಸಿ ಹಕ್ಕು ಕೇಳುವ ಮಾತು ಕಾನೂನಿಗೆ ಬರಲು 2025ರ ಮಸೂದೆಯವರೆಗೆ ಕಾಯಬೇಕಾಯಿತು.

ಕನ್ನಡದ ಕಥೆಗಳೂ ಕಾಯಿದೆಯ ಹಾಗೇ ನಡೆದುಕೊಂಡಿವೆಯೇ ಎಂಬುದು ನನ್ನ ಈಗಿನ ಹುಡುಕಾಟ. ಜೋಗತಿಯ ಕಣ್ಣೀರು ವರ್ಣಿಸಿದ ಕಥೆಗಳಲ್ಲಿ ಅವಳ ಮನೆಗೆ ಬಂದವನಿಗೆ ಹೆಸರಿದೆಯೇ, ಜಾತಿಯಿದೆಯೇ, ಎಷ್ಟು ಎಕರೆ ಜಮೀನಿದೆ, ಅವಳ ತಮ್ಮ ಆ ದಿನ ಎಲ್ಲಿದ್ದ ಎಂದು ಒಂದೊಂದಾಗಿ ಗುರುತು ಹಾಕಿಕೊಳ್ಳುತ್ತಿದ್ದೇನೆ. ಇಂಥ ಕಥೆ, ಚೌಡಿಕೆ ಪದ ಗೊತ್ತಿದ್ದವರು ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿದರೆ ಕೆಲಸ ಮುಂದುವರಿಯುತ್ತದೆ.