ಗೇರ್‌ಬಾಕ್ಸ್ ಸೋರಿಕೆ: ಏಳು ಸಾಲು, ಅವುಗಳ ವ್ಯಾಖ್ಯಾನ

ಎಂಜಿನ್ ಆಯಿಲ್‌ನ ಒತ್ತಡ ಬಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಕೈಯಿಂದ ಗೇರು ಹಾಕುವ ಬಹುತೇಕ ಕಾರುಗಳಲ್ಲಿ ಗೇರ್‌ಬಾಕ್ಸಿಗೆ ಅಂಥ ದೀಪವಿಲ್ಲ. ನೆಲದ ಮೇಲೆ ಬಿದ್ದ ಹನಿಯೇ ಮೊದಲ ಸುಳಿವು. ಅದನ್ನು ಕಡೆಗಣಿಸಿದರೆ ಮುಂದಿನ ಸುಳಿವು ಬೇರಿಂಗಿನ ಕೊರೆತದ ಸದ್ದು. ಆ ಹೊತ್ತಿಗೆ ಕೆಲಸ ಒಂದು ರಬ್ಬರ್ ಸೀಲಿನಲ್ಲಿ ಮುಗಿಯುವುದಿಲ್ಲ. ಈ ಕೆಲಸ ಬಲ್ಲವರು ಹೊಸಬರಿಗೆ ಹೇಳಿಕೊಡುವುದನ್ನು ಏಳು ಸಾಲಿಗೆ ಇಳಿಸಿ, ಒಂದೊಂದನ್ನೂ ಇಲ್ಲಿ ಬಿಡಿಸಿದ್ದೇನೆ. ಉದಾಹರಣೆಗೆ ಹಿಡಿದದ್ದು 1983ರಿಂದ 2014ರವರೆಗೆ ತಯಾರಾದ ಮಾರುತಿ 800. ಅಂಗಳದಲ್ಲಿ ಕೆಲಸ ಕಲಿಯಲು ಅದಕ್ಕಿಂತ ಸರಳವಾದ ಕಾರು ನನಗೆ ಗೊತ್ತಿಲ್ಲ.

ಹನಿ ಕಂಡರೆ ಮೊದಲು ಬಣ್ಣ ನೋಡು, ಆಮೇಲೆ ಮೂಸು.

ರಾತ್ರಿ ಕಾರಿನಡಿ ಒಂದು ಬಿಳಿ ರಟ್ಟು ಹಾಸಿ. ಬೆಳಿಗ್ಗೆ ಅದರ ಮೇಲೆ ಬರೀ ನೀರಿದ್ದರೆ ಅದು ಎಸಿಯದು, ಬಿಟ್ಟುಬಿಡಿ. ಹಸಿರೋ ಗುಲಾಬಿಯೋ ಇದ್ದು ಸಿಹಿ ವಾಸನೆ ಬಂದರೆ ಕೂಲಂಟ್. ತೆಳ್ಳಗೆ ತಿಳಿಹಳದಿಯಾಗಿ ಚಕ್ರದ ಪಕ್ಕ ಬಿದ್ದಿದ್ದರೆ ಬ್ರೇಕ್ ಆಯಿಲ್. ಆಗ ಕಾರನ್ನು ಒಂದಡಿಯೂ ಓಡಿಸಬಾರದು. ಗೇರ್ ಆಯಿಲ್ ಮಂದ, ಹೊಸತಿದ್ದಾಗ ಜೇನಿನ ಬಣ್ಣ. ಹಳತಾದಂತೆ ಕಪ್ಪಾಗಿ ಎಂಜಿನ್ ಆಯಿಲ್‌ನಂತೆಯೇ ಕಾಣುತ್ತದೆ, ಆಗ ಮೂಗೇ ಗತಿ. ಹಲ್ಲು ಹಲ್ಲು ಉಜ್ಜುವ ಒತ್ತಡ ತಡೆಯಲೆಂದು ಗೇರ್ ಆಯಿಲ್‌ಗೆ ಗಂಧಕದ ಸಂಯುಕ್ತ ಸೇರಿಸಿರುತ್ತಾರೆ. ಆ ಘಾಟು ಬೇರಾವ ಎಣ್ಣೆಗೂ ಇಲ್ಲ. ಕೆಂಪು ಎಣ್ಣೆ ಸಾಮಾನ್ಯವಾಗಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು, ಇಲ್ಲವೇ ಪವರ್ ಸ್ಟಿಯರಿಂಗಿನದು. 800ರಲ್ಲಿ ಎರಡೂ ಇಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಬಂದ ಎಎಂಟಿಯ (ಆಟೊಮೇಟೆಡ್ ಮ್ಯಾನ್ಯುಅಲ್ ಟ್ರಾನ್ಸ್‌ಮಿಷನ್) ಮಾತು ಬೇರೆ: ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚು ಒತ್ತಿ ಗೇರು ಬದಲಿಸಲು ಪ್ರತ್ಯೇಕ ಹೈಡ್ರಾಲಿಕ್ ಘಟಕ. ಅಲ್ಲಿ ಎಣ್ಣೆ ಎರಡು ಬಗೆ, ಸೋರಿಕೆಯೂ ಎರಡು ಬಗೆ.

ಬಿದ್ದ ಜಾಗ ಬಿಡು, ಹೊರಟ ಜಾಗ ಹುಡುಕು.

ಇಡೀ ಕೆಲಸದ ಜೀವ ಇರುವುದು ಈ ಸಾಲಿನಲ್ಲಿ. ಹೆಂಚಿನ ಮನೆಯಲ್ಲಿ ಮಳೆನೀರು ಒಡೆದ ಹೆಂಚಿನ ನೇರ ಕೆಳಗೆ ಬೀಳುವುದಿಲ್ಲ, ರೀಪು ಹಿಡಿದು ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಗೇರ್ ಆಯಿಲ್ ಕೂಡ ಹಾಗೆಯೇ ಎಲ್ಲಿಂದಲೋ ಹೊರಟು ಕೇಸಿಂಗಿನ ತಗ್ಗಿನ ತುದಿಗೆ ಬರುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಆ ತಗ್ಗಿನಲ್ಲೇ ಇರುವ ಡ್ರೈನ್ ಪ್ಲಗ್ಗಿನ ಮೇಲೆ ಅಪವಾದ ಬರುವುದು ಇದರಿಂದಲೇ. ಅದನ್ನು ಬಿಗಿದೂ ಬಿಗಿದೂ ಅಲ್ಯೂಮಿನಿಯಂ ಕೇಸಿಂಗಿನ ಮರೆ (ಥ್ರೆಡ್) ಹಾಳಾದ ಕಾರುಗಳು ಎಷ್ಟೋ.

ಆದ್ದರಿಂದ ಮೊದಲು ತೊಳೆಯಿರಿ. ಎಂಜಿನ್ ಪೂರ್ತಿ ಆರಿದ ಮೇಲೆ ಡೀಸೆಲ್ಲಿನಲ್ಲಿ ಬ್ರಶ್ ಅದ್ದಿ ಗೇರ್‌ಬಾಕ್ಸಿನ ಮಣ್ಣುಜಿಡ್ಡು ಬಿಡಿಸಿ, ಸೋಪುನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ. ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, ಸ್ವಲ್ಪ ದೂರ ಓಡಿಸಿಕೊಂಡು ಬಂದು ಟಾರ್ಚ್ ಹಿಡಿದು ನೋಡಿ. ಬಿಳಿಯ ಮೇಲೆ ಎಣ್ಣೆಯ ಗೆರೆ ಕಾಣುತ್ತದೆ. ಅದರಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಒದ್ದೆಯೇ ನಿಮಗೆ ಬೇಕಾದದ್ದು.

ಅದು ಡ್ರೈವ್ ಶಾಫ್ಟ್ ಗೇರ್‌ಬಾಕ್ಸನ್ನು ಹೊಗುವ ಬಾಯಲ್ಲಿದ್ದರೆ ಆಯಿಲ್ ಸೀಲ್ ಸವೆದಿದೆ. ಹಳೆಯ ಕಾರುಗಳಲ್ಲಿ ಇದೇ ಹೆಚ್ಚು. ಡ್ರೈನ್ ಪ್ಲಗ್ಗಿನ ಸುತ್ತ ಮಾತ್ರ ಇದ್ದರೆ ವಾಷರ್ ಬದಲಿಸಿದರೆ ಸಾಕು. ಸ್ಪೀಡೊಮೀಟರ್ ಕೇಬಲ್ಲಿನ ಬುಡ, ಗೇರು ಬದಲಿಸುವ ರಾಡಿನ ಸೀಲು, ಕೇಸಿಂಗಿನ ಎರಡು ಹೋಳು ಕೂಡುವ ಗೆರೆ ಇವನ್ನೂ ನೋಡಿ. ಇದಾವುದರ ಮೇಲೂ ತೀರ್ಮಾನಕ್ಕೆ ಬರುವ ಮುನ್ನ ಗೇರ್‌ಬಾಕ್ಸಿನ ಮೇಲ್ಭಾಗದ ಬ್ರೀದರ್ ನೋಡಲೇಬೇಕು. ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುವುದು ಅಲ್ಲಿಂದ. ಅದು ಕೆಸರಿನಿಂದ ಕಟ್ಟಿಕೊಂಡರೆ ಒತ್ತಡ ಏರಿ ಗಟ್ಟಿಮುಟ್ಟಾದ ಸೀಲೂ ಜಿನುಗುತ್ತದೆ. ಖರ್ಚಿಲ್ಲದೆ ಮುಗಿಯಬಹುದಾದ ರಿಪೇರಿ ಇದೊಂದೇ.

ಜಾಕಿಯನ್ನು ನಂಬಿ ಕಾರಿನಡಿ ಮಲಗಬೇಡ.

ಜಾಕಿ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಸಮತಟ್ಟಾದ ಗಟ್ಟಿ ನೆಲ, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು, ಹ್ಯಾಂಡ್‌ಬ್ರೇಕ್, ಕಾರಿನ ಗಟ್ಟಿ ಚೌಕಟ್ಟಿನಡಿ ಎರಡು ಜಾಕಿ ಸ್ಟ್ಯಾಂಡ್. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಹಠಾತ್ತನೆ ಒಡೆಯುತ್ತವೆ, ಬೇಡವೇ ಬೇಡ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸ ಗ್ಯಾರೇಜಿಗೆ ಹೋಗಲಿ.

ಮೇಲಿನ ಪ್ಲಗ್ ಬಿಚ್ಚದೆ ಕೆಳಗಿನದಕ್ಕೆ ಕೈ ಹಾಕಬೇಡ.

ಮೇಲಿನದು ಎಣ್ಣೆ ತುಂಬುವ ಪ್ಲಗ್, ಕೆಳಗಿನದು ಇಳಿಸುವ ಡ್ರೈನ್ ಪ್ಲಗ್. ವರ್ಷಗಟ್ಟಲೆ ಮುಟ್ಟದ ಮೇಲಿನ ಪ್ಲಗ್ ತುಕ್ಕು ಹಿಡಿದು ಜಗ್ಗದೆ ಹೋಗಬಹುದು. ಎಣ್ಣೆ ಇಳಿಸಿದ ಮೇಲೆ ಅದು ಗೊತ್ತಾದರೆ ಕಾರು ಒಣ ಗೇರ್‌ಬಾಕ್ಸಿನೊಂದಿಗೆ ಅಂಗಳದಲ್ಲೇ ಉಳಿಯಿತು. ಎಣ್ಣೆ ಉಗುರುಬೆಚ್ಚಗಿದ್ದಾಗ ಚೆನ್ನಾಗಿ ಇಳಿಯುತ್ತದೆ. ಡ್ರೈನ್ ಪ್ಲಗ್ಗಿನಲ್ಲಿ ಅಯಸ್ಕಾಂತವಿದ್ದರೆ ಅದನ್ನು ಬೆರಳಿಂದ ಉಜ್ಜಿ ನೋಡಿ: ಬೂದುಬಣ್ಣದ ನುಣುಪು ಕೆಸರು ಸಹಜ ಸವೆತ, ಚೂರು ಕೈಗೆ ಸಿಕ್ಕರೆ ಒಳಗೆ ಹಲ್ಲೋ ಬೇರಿಂಗೋ ಮುರಿಯುತ್ತಿದೆ, ಸೀಲು ಹಾಕಿ ಪ್ರಯೋಜನವಿಲ್ಲ. ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಆ ಚರಂಡಿ ಹೋಗಿ ಸೇರುವುದು ನಮ್ಮದೇ ಕೆರೆಗೆ.

ಸೀಲಿನ ತುಟಿಗೆ ಎಣ್ಣೆ ಸವರು, ಸುತ್ತಲೂ ಸಮವಾಗಿ ಕೂರಿಸು.

ಸೋರುತ್ತಿರುವುದು ಡ್ರೈವ್ ಶಾಫ್ಟಿನ ಬಾಯಿಯ ಸೀಲಾದರೆ, ಚಕ್ರ ಕಳಚಿ, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊರಕ್ಕೆ ಎಳೆದರೆ ಡ್ರೈವ್ ಶಾಫ್ಟ್ ತೆಗೆಯಲು ಜಾಗವಾಗುತ್ತದೆ. ಒಳತುದಿಯನ್ನು ಗೇರ್‌ಬಾಕ್ಸಿನಲ್ಲಿ ಹಿಡಿದಿರುವುದು ಒಂದು ಸಣ್ಣ ಸರ್ಕ್ಲಿಪ್. ಸಣ್ಣ ಹಾರೆಯಿಂದ ಮೀಟಿದರೆ ಹೊರಬರುತ್ತದೆ. ಶಾಫ್ಟನ್ನು ಹಿಡಿದು ಎಳೆದರೆ ಒಳಗಿನ ಜಾಯಿಂಟೇ ಕಳಚಿಕೊಳ್ಳಬಹುದು, ಅದರ ಗೋಜು ಬೇಡ.

ಹಳೆ ಸೀಲನ್ನು ಕೀಳುವಾಗ ಅದು ಕೂರುವ ಗುಳಿಗೆ ಗೀರು ಬೀಳಬಾರದು. ಗೀರೇ ಮುಂದೆ ಸೋರುವ ದಾರಿ. ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಲಿ. ಒಣ ತುಟಿ ಮೊದಲ ಕೆಲವು ಸುತ್ತಿನಲ್ಲೇ ಉರಿದು ಹರಿಯುತ್ತದೆ, ಅದಕ್ಕೇ ಎಣ್ಣೆ ಸವರುವುದು. ಸೀಲಿನ ಹೊರ ಅಂಚಿನ ಅಳತೆಯ ಸಾಕೆಟ್ ಇಟ್ಟು ಮೆಲ್ಲಗೆ ಬಡಿದು ಕೂರಿಸಿ. ಒಂದೇ ಬದಿಗೆ ಬಡಿದರೆ ವಾರೆಯಾಗುತ್ತದೆ. ಶಾಫ್ಟ್ ಮರಳಿ ತೂರಿಸುವಾಗ ಇನ್ನೂ ಎಚ್ಚರ ಬೇಕು, ಅದರ ಹಲ್ಲುಗಳು ತುಟಿಯನ್ನು ಕತ್ತರಿಸಬಲ್ಲವು. ಹಲವರು ಹೊಸ ಸೀಲೂ ಸೋರಿತೆಂದು ಅಂಗಡಿಯವನನ್ನು ಬೈಯುವುದರ ಹಿಂದೆ ಈ ಗಳಿಗೆಯ ಅವಸರವಿರುತ್ತದೆ. ಸರ್ಕ್ಲಿಪ್ ಹೊಸದನ್ನೇ ಹಾಕಿ, ಕಚ್ಚಿತೇ ಎಂದು ಜಾಯಿಂಟನ್ನು ಹಿಡಿದು ಜಗ್ಗಿ ನೋಡಿ. ಬಾಲ್ ಜಾಯಿಂಟಿನ ನಟ್ಟು, ಚಕ್ರದ ನಟ್ಟುಗಳನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಬಾಟಲಿಯ ಔಷಧಿ ಗಟ್ಟಿಯಾದ ರಬ್ಬರನ್ನು ಕೆಲಕಾಲ ಉಬ್ಬಿಸಬಹುದು. ಹರಿದ ತುಟಿ ಅದರಿಂದ ಕೂಡಿಕೊಳ್ಳುವುದಿಲ್ಲ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ತೂತಿನ ಅಂಚಿಗೆ ಬರುವಷ್ಟೇ ತುಂಬು.

ಕಾರು ಸಮತಟ್ಟಾಗಿ ನಿಂತಿರುವಾಗ ಮೇಲಿನ ತೂತಿನಿಂದ ಎಣ್ಣೆ ಜಿನುಗತೊಡಗಿದರೆ ಮಟ್ಟ ಸರಿಯಾಯಿತು. ಮುಂಭಾಗ ಮಾತ್ರ ಎತ್ತಿರುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಹೆಚ್ಚಾದ ಎಣ್ಣೆ ನೊರೆಯೆದ್ದು ಬ್ರೀದರಿನಿಂದ ಹೊರಬರುತ್ತದೆ. ಡಬ್ಬಿಯ ಮೇಲಿನ ದರ್ಜೆಯನ್ನೂ ಕೈಪಿಡಿಯೊಂದಿಗೆ ತಾಳೆ ನೋಡಿ. ಜಿಎಲ್-4 ಎಂದಿರುವ ಕಡೆ ಜಿಎಲ್-5 ಸುರಿಯುವುದು ಉಪಕಾರವಲ್ಲ: ಹೆಚ್ಚಿನ ಗಂಧಕದ ಸಂಯುಕ್ತ ಸಿಂಕ್ರೊನೈಸರಿನ ಹಿತ್ತಾಳೆ ಉಂಗುರಗಳನ್ನು ತಿನ್ನಬಹುದು.

ಕ್ಲಚ್ಚು ಜಾರಿದರೆ ಪಾನಾ ಕೆಳಗಿಡು.

ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಗಂಟೆಯಾಕಾರದ ಭಾಗದ ತಳದಿಂದ ಎಣ್ಣೆ ಬರುತ್ತಿದ್ದರೆ ಮತ್ತೆ ಮೂಸಬೇಕು. ಗಂಧಕದ ಘಾಟಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲು. ಇಲ್ಲದಿದ್ದರೆ ಎಂಜಿನ್ನಿನ ಕ್ರ್ಯಾಂಕ್ ಸೀಲು. ಎರಡರಲ್ಲಿ ಯಾವುದಾದರೂ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿ, ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಏರುವುದಿಲ್ಲ. ಗೇರ್‌ಬಾಕ್ಸನ್ನೇ ಇಳಿಸದೆ ಆ ಸೀಲಿಗೆ ಕೈ ತಲುಪದು. ಅಷ್ಟು ಭಾರವನ್ನು ಮಲಗಿದಲ್ಲಿಂದ ಎದೆಯ ಮೇಲೆ ಇಳಿಸಿಕೊಳ್ಳುವುದು ಅಂಗಳದ ಕೆಲಸವಲ್ಲ. ಗ್ಯಾರೇಜಿಗೆ ಒಯ್ದಾಗ ಎರಡೂ ಸೀಲು, ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು ಎಲ್ಲವನ್ನೂ ಒಂದೇ ಸಲ ನೋಡಿಸಿ. ಮತ್ತೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ.