ಇನಾಮು ಯಾವ ಖಾತೆಗೆ?

ತೀರ್ಥಯಾತ್ರೆ ಮುಗಿಸಿ ಬಂದ ಗೃಹಸ್ಥರು ಖರ್ಚಿನ ಲೆಕ್ಕ ಬರೆಯುವಾಗ ರೈಲಿನ ಟಿಕೆಟು, ಧರ್ಮಶಾಲೆಯ ಬಾಡಿಗೆ, ಊಟದ ಹಣ ಇವನ್ನೆಲ್ಲ ಪ್ರಯಾಣದ ಬಾಬಿಗೆ ಹಾಕುತ್ತಾರೆ. ಡೋಲಿ ಹೊತ್ತವರಿಗೆ, ಅಡುಗೆಮನೆಯವರಿಗೆ, ಕೋಣೆ ಗುಡಿಸಿದವರಿಗೆ ಕೈಯೆತ್ತಿ ಕೊಟ್ಟ ಹಣ ಮಾತ್ರ ಎಷ್ಟೋ ಮನೆಗಳ ಪುಸ್ತಕದಲ್ಲಿ ಧರ್ಮದ ಖಾತೆಗೆ ಹೋಗುತ್ತದೆ. ಹುಂಡಿಗೆ ಹಾಕಿದ ಕಾಣಿಕೆಯ ಕೆಳಗಿನ ಸಾಲಿನಲ್ಲಿಯೇ ಅದೂ ದಾನವೆಂದು ನಿಲ್ಲುತ್ತದೆ. ಲೆಕ್ಕಶಾಸ್ತ್ರ ಬಲ್ಲವರು ಇದನ್ನು ಖಾತೆ ತಪ್ಪಿದ ನಮೂದು ಎನ್ನುವರು. ಧರ್ಮಶಾಸ್ತ್ರ ಬಲ್ಲವರೂ ಹಾಗೆಯೇ ಹೇಳಬೇಕಾಗುತ್ತದೆ. ಸಲ್ಲಬೇಕಾದ ಕೂಲಿಯನ್ನು ಪುಣ್ಯವೆಂದು ಬರೆದುಕೊಳ್ಳುವುದು, ಸಾಲ ತೀರಿಸಿದ್ದನ್ನು ದಾನವೆಂದು ತೋರಿಸಿದಂತೆ.

ಇನಾಮು, ಭಕ್ಷೀಸು, ಟಿಪ್ಸು ಎಂದು ಹೆಸರು ಮೂರಾದರೂ ವಸ್ತು ಒಂದೇ. ಮೊದಲಿನ ಎರಡು ಮಾತುಗಳು ಅರಬ್ಬಿ ಮತ್ತು ಪಾರಸಿಯಿಂದ ದರ್ಬಾರಿನ ಮೂಲಕ ಕನ್ನಡಕ್ಕೆ ಬಂದವು. ಮೂರನೆಯದು ಇಂಗ್ಲಿಷಿನಿಂದ ಹೋಟೆಲಿನ ಮೂಲಕ ಬಂದಿತು. ಮೂರರಲ್ಲಿಯೂ ಕೊಡುವವನ ಪ್ರಸನ್ನತೆಯೇ ಪ್ರಮಾಣ. ಪ್ರಸನ್ನನಾದರೆ ಉಂಟು, ಇಲ್ಲವಾದರೆ ಇಲ್ಲ. ಪಡೆಯುವವನು ಕೇಳುವ ಹಕ್ಕುಳ್ಳವನಲ್ಲ, ಕಾಯುವವನು. ದುಡಿಮೆಯ ಫಲವು ದುಡಿಸಿಕೊಂಡವನ ಮನಸ್ಸಿನ ಹದಕ್ಕೆ ಬಿದ್ದಾಗ ಕೆಲಸದ ಜೊತೆಗೆ ನಗುವನ್ನೂ ನಮಸ್ಕಾರವನ್ನೂ ಮಾರಬೇಕಾಗುತ್ತದೆ. ಈ ರೂಢಿಯ ಮೊದಲ ದೋಷ ಇಲ್ಲಿದೆ.

ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಲಕ್ಷಣವನ್ನು ಹೇಳುವಾಗ, ಅನುಗ್ರಹಕ್ಕಾಗಿ ತನ್ನದನ್ನು ಬಿಡುವುದೇ ದಾನವೆಂದು ನಿರ್ದೇಶಿಸುತ್ತದೆ. ಇಲ್ಲಿ ಗಮನಿಸತಕ್ಕ ಮಾತು 'ತನ್ನದು' ಎಂಬುದು. ಹೊತ್ತವನ ಕೂಲಿ ಹೊರಿಸಿಕೊಂಡವನ ಸ್ವತ್ತಲ್ಲ. ಬೆಟ್ಟ ಇಳಿದ ಕ್ಷಣವೇ ಅದು ಹೊತ್ತವನದಾಗಿರುತ್ತದೆ. ಇನ್ನೊಬ್ಬನದನ್ನು ಅವನಿಗೇ ಹಿಂದಿರುಗಿಸಿ ದಾನದ ಹೆಸರು ಪಡೆಯುವುದು ಹೇಗೆ ಸಾಧ್ಯ? ಜಿನಸೇನಾಚಾರ್ಯರ ಆದಿಪುರಾಣವು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ದತ್ತಿಗಳನ್ನು ಎಣಿಸುತ್ತದೆ. ಅವುಗಳಲ್ಲಿ ಭೃತಿ, ಅಂದರೆ ಕೂಲಿ, ಎಲ್ಲಿಯೂ ಇಲ್ಲ. ಕೂಲಿ ದತ್ತಿಯಲ್ಲ, ಋಣ. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಶ್ರಾವಕನಾಗಲು ಬೇಕಾದ ಗುಣಗಳ ಪಟ್ಟಿ ನ್ಯಾಯದಿಂದ ಗಳಿಸಿದ ಧನದಿಂದಲೇ ಆರಂಭವಾಗುತ್ತದೆ. ಹೇಮಚಂದ್ರರ ಯೋಗಶಾಸ್ತ್ರದ ಗೃಹಸ್ಥಗುಣಗಳಲ್ಲಿಯೂ ಮೊದಲಿಗೆ ಬರುವುದು ಇದೇ. ಎರಡೂ ಆಮ್ನಾಯಗಳು ಒಂದೇ ಕಡೆಯಿಂದ ಆರಂಭಿಸಿರುವುದು ಅರ್ಥಪೂರ್ಣವಾಗಿದೆ. ಅನ್ಯರ ಶ್ರಮದ ಬೆಲೆಯನ್ನು ಹಿಡಿದಿಟ್ಟುಕೊಂಡು ಉಳಿಸಿದ ಹಣ ಕೊಡುವ ಕೈಯಲ್ಲಿರುವಾಗ, ಅದರಿಂದ ಮಾಡಿದ ದಾನದ ಬೇರು ಎಲ್ಲಿ ಊರಬೇಕು?

ಕಾನೂನಿನ ಇತಿಹಾಸವೂ ಇದೇ ದಾರಿಯಲ್ಲಿ ನಡೆದಿದೆ. ಹಬ್ಬಕ್ಕೆ ಯಜಮಾನನು ಸಂತೋಷದಿಂದ ಕೊಡುತ್ತಿದ್ದ ಬೋನಸ್ಸು 1965ರ ಕಾಯಿದೆಯಿಂದ ಹಕ್ಕಾಯಿತು. ಇಂದು ಅದರ ಕನಿಷ್ಠ ದರವಾದ ಶೇಕಡಾ 8.33 ಎಂದರೆ ವರ್ಷದ ಹನ್ನೆರಡು ಸಂಬಳಗಳಿಗೆ ಇನ್ನೊಂದು ಸಂಬಳ. ಗ್ರಾಚ್ಯುಟಿ ಎಂಬ ಮಾತಿನ ಮೂಲಾರ್ಥವೇ ಮೆಚ್ಚುಗೆಯ ಕೊಡುಗೆ. 1972ರ ಕಾಯಿದೆ ಅದನ್ನು ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನವೆಂದು ಗೊತ್ತುಪಡಿಸಿತು. ಈ ಎರಡೂ ಈಗ ಹೊಸ ಸಂಹಿತೆಗಳಲ್ಲಿ ಸೇರಿವೆ. 1948ರ ಕನಿಷ್ಠ ವೇತನ ಕಾಯಿದೆಯು ಪಟ್ಟಿಮಾಡಿದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆ ಆ ಹಕ್ಕನ್ನು ಎಲ್ಲ ನೌಕರರಿಗೂ ವಿಸ್ತರಿಸಿತು. ಕೊಡುಗೆಯೆನಿಸಿದ್ದು ಹಕ್ಕಾಗುತ್ತಾ ಬಂದ ಈ ನಡೆಯಲ್ಲಿ ಇನಾಮು ಒಂದೇ ಹಿಂದೆ ಉಳಿದಿದೆ.

ಉಳಿದುದರ ಪರಿಣಾಮವೇನೆಂಬುದಕ್ಕೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೋಟೆಲುಗಳ ಆದಾಯ ತೆರಿಗೆಯ ಪ್ರಕರಣವೊಂದರಲ್ಲಿ ಕೊಟ್ಟ ತೀರ್ಪು ಕನ್ನಡಿಯಂತಿದೆ. ಗಿರಾಕಿಗಳು ಬಿಲ್ಲಿನ ಜೊತೆಗೆ ಕೊಟ್ಟ ಟಿಪ್ಸನ್ನು ಹೋಟೆಲು ಸಂಗ್ರಹಿಸಿ ನೌಕರರಿಗೆ ಹಂಚಿದರೆ ಅದು ಸಂಬಳವಾಗುವುದೇ ಎಂಬುದು ಪ್ರಶ್ನೆ. ಸಂಬಳವಲ್ಲ, ಏಕೆಂದರೆ ಯಜಮಾನನಿಂದ ಅದನ್ನು ಪಡೆಯುವ ಹಕ್ಕು ನೌಕರನಿಗೆ ಕರಾರಿನಿಂದ ಬಂದುದಲ್ಲ ಎಂದು ನ್ಯಾಯಾಲಯ ಹೇಳಿತು. ತೆರಿಗೆಯ ದೃಷ್ಟಿಯಿಂದ ಇದು ಸರಿಯಾದ ನಿರ್ಣಯವೇ. ಆದರೆ ನೌಕರನ ದೃಷ್ಟಿಯಿಂದ ಇದರ ಅರ್ಥ ಗಂಭೀರವಾದುದು. ಸಂಬಳವಲ್ಲದ ಹಣಕ್ಕೆ ಭವಿಷ್ಯನಿಧಿಯಿಲ್ಲ, ಗ್ರಾಚ್ಯುಟಿಯಿಲ್ಲ, ಕಾಯಿಲೆಯಾದ ದಿನಕ್ಕೆ ಪಾವತಿಯಿಲ್ಲ. ಅರ್ಧ ಜೀವನೋಪಾಯ ಇನಾಮಿನಲ್ಲಿರುವವನ ವೃದ್ಧಾಪ್ಯಕ್ಕೆ ಅರ್ಧವೇ ಆಧಾರ.

ಈ ಪದ್ಧತಿಯ ತುತ್ತತುದಿಯನ್ನು ಅಮೆರಿಕದಲ್ಲಿ ಕಾಣಬಹುದು. ಅಲ್ಲಿನ ಅಂತರ್ಯುದ್ಧದ ನಂತರ ಪುಲ್‌ಮನ್ ಕಂಪನಿಯು ದಾಸ್ಯದಿಂದ ಬಿಡುಗಡೆಯಾದ ಕರಿಯರನ್ನು ತನ್ನ ಶಯನ ರೈಲುಗಾಡಿಗಳ ಸೇವಕರಾಗಿ ನೇಮಿಸಿ, ಅಲ್ಪ ಸಂಬಳ ಕೊಟ್ಟು, ಉಳಿದುದನ್ನು ಪ್ರಯಾಣಿಕರ ಔದಾರ್ಯಕ್ಕೆ ಬಿಟ್ಟಿತು. ಆ ಸೇವಕರು 1925ರಲ್ಲಿ ಸಂಘ ಕಟ್ಟಿ, ಎ. ಫಿಲಿಪ್ ರ್‍ಯಾಂಡಾಲ್ಫರ ನೇತೃತ್ವದಲ್ಲಿ 1937ರಲ್ಲಿ ಕಂಪನಿಯೊಡನೆ ಒಪ್ಪಂದ ಪಡೆಯಬೇಕಾಯಿತು. ಇಂದಿಗೂ ಅಲ್ಲಿ ಟಿಪ್ಸು ಪಡೆಯುವ ನೌಕರನಿಗೆ ಮಾಲೀಕನು ನೇರವಾಗಿ ಕೊಡಲೇಬೇಕಾದ ಕೇಂದ್ರ ಸರ್ಕಾರದ ಕನಿಷ್ಠ ವೇತನ ಗಂಟೆಗೆ 2.13 ಡಾಲರು. ಇದು 1991ರಿಂದ ಬದಲಾಗಿಲ್ಲ. ಇತರರಿಗೆ 2009ರಿಂದ ಗೊತ್ತಾಗಿರುವ ದರ 7.25 ಡಾಲರು. ಗಿರಾಕಿಯ ಔದಾರ್ಯವು ಯಜಮಾನನ ಹೊಣೆಯನ್ನು ಹೇಗೆ ಹಗುರಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಅಂಕಿ ಬೇಡ.

ಭಾರತದಲ್ಲಿಯೂ ಇದರ ನೆರಳು ಬಿದ್ದಿದೆ. ಹೋಟೆಲುಗಳು ಬಿಲ್ಲಿಗೆ ತಾವೇ ಸೇರಿಸುತ್ತಿದ್ದ ಸೇವಾ ಶುಲ್ಕವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರ ಮಾರ್ಗಸೂಚಿಯಲ್ಲಿ ನಿಷೇಧಿಸಿತು. ದೆಹಲಿ ಉಚ್ಚ ನ್ಯಾಯಾಲಯ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಮೊಬೈಲಿನಲ್ಲಿ ಕರೆಯುವ ಬಾಡಿಗೆ ವಾಹನಗಳಲ್ಲಿ ಪ್ರಯಾಣಕ್ಕೆ ಮೊದಲೇ ಟಿಪ್ಸು ಕೇಳುವ ಕ್ರಮದ ಬಗ್ಗೆ ಅದೇ ವರ್ಷದ ಮೇ ತಿಂಗಳಲ್ಲಿ ಪ್ರಾಧಿಕಾರ ನೋಟೀಸು ಕೊಟ್ಟಿತು. ಸೇವೆಗೆ ಮೊದಲು ಕೇಳುವ ಇನಾಮು ಮೆಚ್ಚುಗೆಯಲ್ಲ, ಹರಾಜು. ಕರ್ನಾಟಕವು ಹಿಡಿದ ದಾರಿ ಹೆಚ್ಚು ವಿವೇಕದ್ದು. ಮನೆಬಾಗಿಲಿಗೆ ಊಟ, ಸಾಮಾನು ತಲುಪಿಸುವವರಿಗಾಗಿ 2025ರಲ್ಲಿ ಮಾಡಿದ ಕಾಯಿದೆಯು, ಅವರಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದಲೇ ಪಡೆಯುವ ಏರ್ಪಾಡು ಮಾಡಿದೆ. ಭಾರವನ್ನು ಯಾರು ಹೊರಬೇಕೋ ಅವರ ಮೇಲೆಯೇ ಅದು ಬಿದ್ದಿದೆ.

ಆದರೆ ಜೈನ ಸಮಾಜವು ಈ ಪ್ರಶ್ನೆಯನ್ನು ಹೋಟೆಲಿನಲ್ಲಿ ಅಲ್ಲ, ಬೆಟ್ಟದ ಬುಡದಲ್ಲಿ ಎದುರಿಸಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳು. ಶತ್ರುಂಜಯಕ್ಕೆ ಮೂರು ಸಾವಿರಕ್ಕೂ ಮೀರಿದವು. ಗಿರಿನಾರಕ್ಕೆ ಸುಮಾರು ಹತ್ತು ಸಾವಿರ. ಸಮ್ಮೇದ ಶಿಖರ್ಜಿಯ ವಂದನೆ, ಹತ್ತಿ ಸುತ್ತಿ ಇಳಿಯುವಾಗ ಸುಮಾರು 27 ಕಿಲೋಮೀಟರು. ಈ ಎಲ್ಲ ಕ್ಷೇತ್ರಗಳಲ್ಲಿಯೂ ವೃದ್ಧರನ್ನು, ಅಶಕ್ತರನ್ನು ಹೊತ್ತೊಯ್ಯುವವರು ಡೋಲಿಯವರು. ಹತ್ತುವಾಗ ಭಾರ ಹೆಗಲಿಗೆ, ಇಳಿಯುವಾಗ ಮೊಣಕಾಲಿಗೆ. ಈ ಕೆಲಸವನ್ನು ಯಾರೂ ಮುಪ್ಪಿನವರೆಗೆ ಮಾಡಲಾರರು; ಆದರೆ ಮುಪ್ಪಿಗೆಂದು ಏನನ್ನೂ ಕೂಡಿಡದ ಕೆಲಸವೂ ಇದೇ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ನ್ಯಾಯವಾದ ಭಾರಕ್ಕಿಂತ ಹೆಚ್ಚು ಹೊರಿಸುವುದು ಅತಿಭಾರಾರೋಪಣವೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ಎತ್ತಿಗೆ ಸಲ್ಲದ್ದು ಮನುಷ್ಯನಿಗೆ ಸಲ್ಲುವುದೇ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವಂತೂ ಅತಿಭಾರ ಹೊರಿಸುವುದನ್ನು ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿಯೂ ಹೇಳಿದೆ. ಹೆಚ್ಚು ಹೊರಿಸುವುದರ ಬೇರು ಲೋಭದಲ್ಲಿದೆ ಎಂಬ ಸೂಕ್ಷ್ಮದೃಷ್ಟಿ ಅದು. ಗಿರಿನಾರದಲ್ಲಿ ಯಾತ್ರಿಕರನ್ನು ತಕ್ಕಡಿಯಲ್ಲಿ ತೂಗಿ ಡೋಲಿಯ ದರ ಹೇಳುವ ರೂಢಿ ಬಂದದ್ದು ನ್ಯಾಯದ ದೃಷ್ಟಿಯಿಂದ ಮೆಚ್ಚತಕ್ಕದ್ದೇ. ತೂಕಕ್ಕೆ ತಕ್ಕ ದರ ಎಂಬುದು ವ್ಯಾಪಾರಿಗೆ ಬೇಗ ಅರ್ಥವಾಗುವ ಧರ್ಮ. ಆ ದರವನ್ನು ಬುಡದಲ್ಲಿ ಚೌಕಾಸಿ ಮಾಡಿ ಇಳಿಸಿ, ಮೇಲೆ ಹೋಗಿ ಬಂದಮೇಲೆ ಇಳಿಸಿದ್ದರಲ್ಲಿ ಒಂದು ಪಾಲನ್ನು ಇನಾಮೆಂದು ಕೊಟ್ಟು ಕೈಮುಗಿಸಿಕೊಳ್ಳುವುದು ಮಾತ್ರ ಬೇರೆಯೇ ಬಗೆಯ ತಕ್ಕಡಿ. ಕೊಳ್ಳುವುದಕ್ಕೊಂದು, ಕೊಡುವುದಕ್ಕೊಂದು ಅಳತೆಯಿಡುವುದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ ಎಂಬುದನ್ನು ಅಂಗಡಿಯಲ್ಲಿ ಮರೆಯದವರು ಬೆಟ್ಟದಲ್ಲಿ ಮರೆಯಬಾರದು.

ಅನ್ನಪಾನದ ಮಾತೂ ಹಾಗೆಯೇ. ಬೆಟ್ಟದ ಮೇಲೆ ಏನನ್ನೂ ತಿನ್ನುವುದಿಲ್ಲವೆಂದು ಯಾತ್ರಿಕನು ನಿಯಮ ಹಿಡಿದಿರಬಹುದು. ಹೊತ್ತವನು ಆ ನಿಯಮ ತೆಗೆದುಕೊಂಡಿಲ್ಲ. ಅವನ ಹಸಿವಿಗೂ ವಿಶ್ರಾಂತಿಗೂ ವೇಳೆ ಬಿಡುವುದು ವ್ರತದ ಅಂಗವೇ ಹೊರತು ಔದಾರ್ಯವಲ್ಲ.

ಇನ್ನು ಕ್ಷೇತ್ರಗಳ ಆಡಳಿತದ ವಿಚಾರ. ಬಸದಿಗಳಿಗೆ ಅಷ್ಟವಿಧಾರ್ಚನೆ, ಜೀರ್ಣೋದ್ಧಾರ, ಆಹಾರದಾನಗಳಿಗೆಂದು ಭೂಮಿ ಬಿಟ್ಟ ವಿವರ ಕನ್ನಡ ಶಾಸನಗಳಲ್ಲಿ ಹೇರಳವಾಗಿದೆ. ದೇಗುಲದ ಸೇವಕರ ಜೀವಿತಕ್ಕೆಂದು ಭೂಮಿಯನ್ನು ವಿಂಗಡಿಸಿದ ಉದಾಹರಣೆಗಳೂ ಉಂಟು. ಅಂದಿನ ದಾನಿಗಳು ಸೇವಕನನ್ನು ಭಕ್ತರ ಕೈಗೆ ನೋಡುವಂತೆ ಬಿಡಲಿಲ್ಲ. 1955ರ ಮೈಸೂರಿನ ಧಾರ್ಮಿಕ ಇನಾಮು ರದ್ದಿಯಾತಿ ಕಾಯಿದೆ ಹಾಗೂ 1974ರ ಭೂಸುಧಾರಣೆಗಳ ತರುವಾಯ ಆ ಆಧಾರ ಬಹುಮಟ್ಟಿಗೆ ತಪ್ಪಿತು. ಉಳುವವನಿಗೆ ಭೂಮಿ ಬಂದದ್ದು ನ್ಯಾಯವೇ. ಆದರೆ ಜೀವಿತ ತಪ್ಪಿದ ಸೇವಕರಿಗೆ ಟ್ರಸ್ಟುಗಳು ಸಂಬಳವನ್ನು ಅದೇ ಭದ್ರತೆಯಿಂದ ಗೊತ್ತುಪಡಿಸಿದುವೇ ಎಂದು ಕೇಳಿದರೆ, ಬಹಳ ಕಡೆ ಆ ಖಾಲಿ ಜಾಗವನ್ನು ತುಂಬಿದ್ದು ಆರತಿ ತಟ್ಟೆಯ ಕಾಸು ಮತ್ತು ಇನಾಮು.

ಇದಕ್ಕೆ ಮೂರು ಸಮಾಧಾನಗಳು ಕೇಳಿಬರುತ್ತವೆ. ಟ್ರಸ್ಟಿನಲ್ಲಿ ಹಣವಿಲ್ಲ ಎಂಬುದು ಮೊದಲನೆಯದು. ಅಮೃತಶಿಲೆಯ ನೆಲಹಾಸಿಗೆ, ಹೆಸರು ಕೆತ್ತಿಸುವ ಫಲಕಕ್ಕೆ ದಾನಿಗಳು ಸಿಗುತ್ತಾರೆ, ಸಂಬಳಕ್ಕೆ ಸಿಗುವುದಿಲ್ಲ ಎಂಬುದು ಇದರ ತಾತ್ಪರ್ಯ. ಹಾಗಿದ್ದರೆ ಕೊರತೆಯಿರುವುದು ಹಣದಲ್ಲಲ್ಲ, ದಾನದ ದಿಕ್ಕಿನಲ್ಲಿ. ದಾನಿಗಳಿಗೆ ಅದನ್ನು ತಿಳಿಸಿ ಹೇಳುವುದು ಟ್ರಸ್ಟಿನ ಕರ್ತವ್ಯ. ಇನಾಮಿನಿಂದ ಸೇವೆ ಚುರುಕಾಗುತ್ತದೆ ಎಂಬುದು ಎರಡನೆಯದು. ಚುರುಕಾಗುವುದು ನಿಜ, ಆದರೆ ಇನಾಮು ಕೊಡಬಲ್ಲವರ ಕೋಣೆಯ ಕಡೆಗೆ ಮಾತ್ರ. ಪಶುಪಕ್ಷಿಗಳಿಗೂ ಸ್ಥಾನವಿದ್ದ ಸಮವಸರಣದ ಆದರ್ಶವನ್ನು ಪೂಜಿಸುವ ಕ್ಷೇತ್ರದಲ್ಲಿ ಬಡ ಯಾತ್ರಿಕನ ಕೋಣೆಗೆ ಬಿಸಿನೀರು ಕೊನೆಗೆ ಬರುವುದು ಶೋಭೆಯಲ್ಲ. ಸೇವಕರೇ ಇನಾಮನ್ನು ಬಯಸುತ್ತಾರೆ ಎಂಬುದು ಮೂರನೆಯದು. ಬಯಸದೆ ಏನು ಮಾಡಿಯಾರು? ಸಂಬಳ ಸಾಲದವನು ಕೈಚಾಚಿದರೆ ಅದು ಅವನ ಸ್ವಭಾವದ ದೋಷವಲ್ಲ, ಸಂಬಳ ಪುಸ್ತಕದ ದೋಷ.

ಆದುದರಿಂದ ಇನಾಮನ್ನು ನಾಳೆಯಿಂದಲೇ ನಿಲ್ಲಿಸಬೇಕೆಂದು ಹೇಳುವುದು ನಿರ್ದಯವಾಗುತ್ತದೆ. ಸಂಬಳ ಸರಿಯಾಗುವ ಮೊದಲು ಇನಾಮು ನಿಂತರೆ ಬೀಳುವ ಪೆಟ್ಟು ದುರ್ಬಲನ ಮೇಲೆ. ಮೊದಲು ಆಗಬೇಕಾದುದು ಬೇರೆ. ಟ್ರಸ್ಟುಗಳು ತಮ್ಮ ನೌಕರರಿಗೆ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳವನ್ನು ತಿಂಗಳ ಗೊತ್ತಾದ ದಿನ ಕೊಡುವುದು. ಡೋಲಿಯ ದರವನ್ನು ಹೊರುವವರೊಡನೆ ಕುಳಿತು ನಿರ್ಣಯಿಸಿ, ತೂಕ ಮತ್ತು ದೂರಕ್ಕೆ ತಕ್ಕಂತೆ ಬೆಟ್ಟದ ಬುಡದಲ್ಲಿ ಕನ್ನಡ, ಹಿಂದಿಗಳಲ್ಲಿ ಬರೆದು ಹಾಕುವುದು. ಯಾತ್ರಿಕರು ಸ್ವಇಚ್ಛೆಯಿಂದ ಕೊಡುವುದನ್ನು ಒಂದೇ ಪೆಟ್ಟಿಗೆಯಲ್ಲಿ ಸಂಗ್ರಹಿಸಿ, ಕಣ್ಣಿಗೆ ಬೀಳದ ಪಾತ್ರೆ ತೊಳೆಯುವವರಿಗೂ ಕಸ ಗುಡಿಸುವವರಿಗೂ ಸಮನಾಗಿ ಹಂಚಿ ಲೆಕ್ಕ ಪ್ರಕಟಿಸುವುದು. ಹೊರಲಾರದೆ ನಿಂತವರಿಗಾಗಿ ನಿಧಿಯೊಂದನ್ನು ಇಡುವುದು. ಗಿರಿನಾರದಲ್ಲಿ 2020ರ ಅಕ್ಟೋಬರ್ 24ರಂದು ರೋಪ್‌ವೇ ಆರಂಭವಾಯಿತು. ಮಾಥೇರಾನಿನಲ್ಲಿ ಮನುಷ್ಯರು ಎಳೆಯುವ ರಿಕ್ಷಾಗಳನ್ನು ಆರು ತಿಂಗಳಲ್ಲಿ ನಿಲ್ಲಿಸಿ, ಎಳೆಯುವವರಿಗೆ ಇ-ರಿಕ್ಷಾ ಒದಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟಿನಲ್ಲಿ ಆದೇಶಿಸಿತು. ಮನುಷ್ಯನು ಮನುಷ್ಯನನ್ನು ಹೊರುವ ಕಾಲ ಮುಗಿಯುತ್ತಿದೆ, ಮುಗಿಯುವುದು ಒಳ್ಳೆಯದೇ. ಆದರೆ ತಲೆಮಾರುಗಳ ಕಾಲ ಹೊತ್ತವರು ಆಗ ಬರಿಗೈಯಲ್ಲಿ ಮನೆಗೆ ಹೋಗಬಾರದು.

ಗೃಹಸ್ಥರು ಮಾಡಬೇಕಾದುದು ಇನ್ನೂ ಸರಳ. ಚೌಕಾಸಿ ಬಿಡುವುದು, ಪೂರ್ತಿ ಕೂಲಿಯನ್ನು ಮೊದಲು ಕೊಡುವುದು, ಅದರ ಮೇಲೆ ಮನಸ್ಸಿಗೆ ಬಂದಷ್ಟು ಕೊಡುವುದು. ದಾನದ ಅತಿಚಾರಗಳಲ್ಲಿ ಕಾಲಾತಿಕ್ರಮವೆಂದರೆ ವೇಳೆ ಮೀರಿಸುವುದು, ಮಾತ್ಸರ್ಯವೆಂದರೆ ಆದರವಿಲ್ಲದೆ ಕೊಡುವುದು. ಮುನಿಗಳ ಆಹಾರದಾನಕ್ಕೆ ಹೇಳಿದ ಈ ಎಚ್ಚರ ಕೂಲಿಯವನ ಕೈಗೆ ಹಣವಿಡುವಾಗಲೂ ಬೇಕು. ಕಾಯಿಸದೆ, ಮುಖ ನೋಡಿ, ಹೆಸರು ಹಿಡಿದು ಮಾತಾಡಿಸಿ ಕೊಟ್ಟ ಕೂಲಿಯ ಬಳಿಕ ಧರ್ಮದ ಖಾತೆಯಲ್ಲಿ ಏನನ್ನು ಬರೆದರೂ ಅದಕ್ಕೆ ಅರ್ಥವಿರುತ್ತದೆ.