ನಾಲಿಗೆಯ ವೇಷ: ಬೆಳಗಾವಿ ಸೀಮೆಯ ಅನುಕರಣ ಹಾಸ್ಯ

ಬೆಳಗಾವಿ ಸೀಮೆಯ ಅನುಕರಣ ಹಾಸ್ಯ ಮುಖಕ್ಕಿಂತ ಹೆಚ್ಚಾಗಿ ನಾಲಿಗೆಯನ್ನು ನಂಬಿದ ಕಲೆ. ಒಬ್ಬನ ಮೂಗು, ಹುಬ್ಬು, ನಡಿಗೆ ತೋರಿಸಿದರೆ ಅವನ ಓಣಿಯವರು ಗುರುತು ಹಿಡಿಯುತ್ತಾರೆ. ಅವನ ಮಾತಿನ ಧಾಟಿ ತೋರಿಸಿದರೆ ಇಡೀ ಸೀಮೆಯೇ ಗುರುತು ಹಿಡಿಯುತ್ತದೆ. ಕನ್ನಡ, ಮರಾಠಿ, ಕೊಂಕಣಿ ಒಂದೇ ಸಂತೆಯಲ್ಲಿ ವ್ಯವಹಾರ ಮಾಡುವ ಊರುಗಳಲ್ಲಿ ಇದು ಸಹಜವೂ ಹೌದು. ಹಗಲುವೇಷ ಮತ್ತು ಶ್ರೀಕೃಷ್ಣ ಪಾರಿಜಾತದ ಆಟದಿಂದ ಹಿಡಿದು ಟಿವಿಯವರೆಗೆ ಬಂದ ಈ ಪರಂಪರೆಯ ಅತ್ಯುತ್ತಮ ಮಾದರಿ ಮರಾಠಿಯಲ್ಲಿದೆ. ಅದು ಮರಾಠಿ ಹಾಸ್ಯಲೇಖಕ ಪು. ಲ. ದೇಶಪಾಂಡೆ ಅವರ ವ್ಯಕ್ತಿಚಿತ್ರ ‘ರಾವಸಾಹೇಬ’. ಕನ್ನಡದಲ್ಲಿ ಅದರ ಚರ್ಚೆ ಆಗಬೇಕಾದಷ್ಟು ಆಗಿಲ್ಲ.

ಹಳೆಯ ಬೇರುಗಳನ್ನು ಮೊದಲು ನೋಡಬೇಕು. ಹಗಲುವೇಷದವರು ಒಂದು ಊರಿಗೆ ಬಂದರೆ ಕೆಲವು ದಿನ ಅಲ್ಲೇ ಉಳಿದು, ದಿನಕ್ಕೊಂದು ವೇಷ ಹಾಕಿ ಮನೆಮನೆಗೆ ಹೋಗಿ, ಕಡೆಯ ದಿನ ದವಸ, ದುಡ್ಡು ಕೇಳಿ ಪಡೆಯುತ್ತಿದ್ದರು. ಮರಾಠಿ ಕಡೆಯ ಬಹುರೂಪಿಯದೂ ಇದೇ ಬಗೆಯ ಕಸುಬು. ವೀರಭದ್ರ, ಆಂಜನೇಯರ ಜೊತೆಗೆ ಪೊಲೀಸಿನಂಥ ದಿನನಿತ್ಯದ ವೇಷಗಳೂ ಅವರ ಗಂಟಿನಲ್ಲಿರುತ್ತಿದ್ದವು. ಅಂಗಳಕ್ಕೆ ಬಂದ ಪೊಲೀಸ ನಿಜವೋ ವೇಷವೋ ಎಂದು ಮನೆಯವರು ಒಂದು ಕ್ಷಣ ತಬ್ಬಿಬ್ಬಾಗಬೇಕು. ಆ ಒಂದು ಕ್ಷಣವೇ ಕಲಾವಿದನ ಗೆಲುವು. ಬಣ್ಣ, ಬಟ್ಟೆ ಅಲ್ಲಿಯವರೆಗೆ ಕೊಂಡೊಯ್ಯುತ್ತವೆ. ಆಮೇಲೆ ವೇಷ ನಿಲ್ಲುವುದು ಸರಕಾರಿ ದರ್ಪದ ಮಾತನ್ನು ಬಾಯಿ ಎಷ್ಟು ಚೆನ್ನಾಗಿ ಹಿಡಿದಿದೆ ಎಂಬುದರ ಮೇಲೆ.

ಶ್ರೀಕೃಷ್ಣ ಪಾರಿಜಾತದಲ್ಲಿ ಇದೇ ಗುಣ ರಂಗದ ಶಿಸ್ತು ಪಡೆಯಿತು. ಕುಲಗೋಡ ತಮ್ಮಣ್ಣನವರ ಕೈಯಲ್ಲಿ ರೂಪುಗೊಂಡು, ಕೌಜಲಗಿ ನಿಂಗಮ್ಮನವರ ಕಂಠದಲ್ಲಿ ಹೆಸರಾದ ಈ ಆಟದಲ್ಲಿ ಹಾಡು ಪುರಾಣದ್ದು, ನಡುವಿನ ಮಾತು ಮಾತ್ರ ಊರಿನದು. ಸತ್ಯಭಾಮೆ, ರುಕ್ಮಿಣಿಯರ ಸವತಿ ಮತ್ಸರವನ್ನು ಭಾಗವತ, ದೂತಿಯಂಥ ಪಾತ್ರಗಳು ಗೋಕಾಕ ಕಡೆಯ ಹೆಣ್ಣುಮಕ್ಕಳು ಹಿತ್ತಲಲ್ಲಿ ಮಾತಾಡುವ ಹಾಗೆ ಮಾತಾಡಿಬಿಡುತ್ತವೆ. ಬೈಲಹೊಂಗಲದ ಘಟನೆಯನ್ನಾಧರಿಸಿದ ಸಣ್ಣಾಟ ‘ಸಂಗ್ಯಾ ಬಾಳ್ಯಾ’ದಲ್ಲಿ ಪುರಾಣದ ಮರೆಯೂ ಇಲ್ಲ. ಅಲ್ಲಿ ವ್ಯಾಪಾರಿ, ಗೆಳೆಯ, ಮಧ್ಯಸ್ಥಿಕೆಯ ಮುದುಕಿ ಎಲ್ಲರೂ ನೆರೆಮನೆಯವರೇ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಮಾತಿನ ಕಸುವನ್ನು ಆಧುನಿಕ ನಾಟಕಕ್ಕೆ ತಂದರು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘದಂಥ ಕಂಪನಿಗಳು ಅದನ್ನು ಊರೂರಿಗೆ ಹೊತ್ತವು. ಕಂಪನಿಯ ಹಾಸ್ಯಗಾರನಿಗೆ ಬರೆದ ಮಾತು ಕಡಿಮೆ, ಕಟ್ಟಿದ ಮಾತು ಹೆಚ್ಚು. ಕ್ಯಾಂಪು ಹಾಕಿದ ಊರಿನ ಮಾತನ್ನು ಹಗಲು ಕೇಳಿಸಿಕೊಂಡು ರಾತ್ರಿ ಆಡಿ ತೋರಿಸುವುದು ಅವನ ಕೆಲಸವಾಗಿತ್ತು.

ಪು. ಲ. ದೇಶಪಾಂಡೆ ಈ ನೆಲಕ್ಕೆ ಬಂದದ್ದು ಮಾಸ್ತರನಾಗಿ. 1919ರ ನವೆಂಬರ್ 8ರಂದು ಮುಂಬೈಯಲ್ಲಿ ಹುಟ್ಟಿದ ಅವರು ಆಕಾಶವಾಣಿ ಸೇರುವ ಮುನ್ನ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದರು. ಆಗ ಬೆಳಗಾವಿ ಮುಂಬೈ ರಾಜ್ಯದಲ್ಲಿತ್ತು. ಭಾಷಾವಾರು ಪ್ರಾಂತ ರಚನೆಯ ಗಡಿಗೆರೆ ಇನ್ನೂ ಬಿದ್ದಿರಲಿಲ್ಲ. ಮುಂದೆ ಅವರು ಲಂಡನ್ನಿನ ಬಿಬಿಸಿಯಲ್ಲಿ ತರಬೇತಿ ಪಡೆದರು. 1959ರಲ್ಲಿ ದಿಲ್ಲಿಯಲ್ಲಿ ಟೆಲಿವಿಷನ್ ಶುರುವಾದಾಗ ಅದರ ಮೊದಲ ನಿರ್ಮಾಪಕರ ಸಾಲಿನಲ್ಲಿದ್ದರು, ಪ್ರಧಾನಿ ನೆಹರೂ ಅವರನ್ನು ಆ ಮಾಧ್ಯಮಕ್ಕಾಗಿ ಸಂದರ್ಶಿಸಿದರು. ‘ಬಟಾಟ್ಯಾಚೀ ಚಾಳ’ ಪ್ರಯೋಗದಲ್ಲಿ ಮುಂಬೈಯ ಒಂದು ಚಾಳಿನ ನಿವಾಸಿಗಳನ್ನೆಲ್ಲ ಒಬ್ಬರೇ ರಂಗದ ಮೇಲೆ ನಿಲ್ಲಿಸಿದರು. ‘ವ್ಯಕ್ತಿ ಆಣಿ ವಲ್ಲೀ’ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಂಗದ ಅನುಭವ, ರೇಡಿಯೋ ಕಲಿಸಿದ ಕಿವಿ, ಕ್ಯಾಮೆರಾದ ತಿಳಿವಳಿಕೆ, ಈ ಮೂರೂ ಕೂಡಿದ ಹಾಸ್ಯಗಾರರು ಆ ಕಾಲದ ಭಾರತದಲ್ಲಿ ಬಹಳ ಮಂದಿ ಇರಲಿಲ್ಲ.

ಅವರ ಕಥಾಕಥನದ ದೃಶ್ಯಮುದ್ರಣಗಳನ್ನು ನೋಡಿದರೆ ಇದು ಕೂಡಲೇ ತಿಳಿಯುತ್ತದೆ. ಬಣ್ಣವಿಲ್ಲ, ಟೊಪ್ಪಿಗೆ, ಮೀಸೆ ಯಾವುದೂ ಇಲ್ಲ. ಕನ್ನಡಕ, ಸ್ವಲ್ಪ ಮುಂದೆ ಬಂದ ಹಲ್ಲು, ರಬ್ಬರಿನಂತೆ ಎತ್ತ ಬೇಕಾದರೂ ಎಳೆಯಬಹುದಾದ ಕೆನ್ನೆ, ಇಷ್ಟೇ ಬಂಡವಾಳ. ಪಾತ್ರ ಬದಲಾಗುವಾಗ ಮೊದಲು ದನಿ ತಿರುಗುತ್ತದೆ, ಮುಖ ಅದರ ಹಿಂದಿನಿಂದ ಬರುತ್ತದೆ. ಬ್ರಿಟನ್ನಿನ ಟಿವಿಯಲ್ಲಿ ಮೈಕ್ ಯಾರ್‌ವುಡ್, 1980ರ ದಶಕದಲ್ಲಿ ಫಿಲ್ ಕೂಲ್ ಮೊದಲಾದವರು ಪ್ರಧಾನಿಗಳ, ಗಣ್ಯರ ಚಹರೆಯನ್ನು ತಮ್ಮ ಮುಖದ ಮೇಲೆ ತಂದುಕೊಂಡು ಮನೆಮಾತಾದರು. ಆ ನಾಯಕರು ಮರೆಯಾದ ಹಾಗೆಲ್ಲ ಆ ಹಾಸ್ಯದ ಅರ್ಧ ಸೊಗಸು ಹೋಯಿತು, ಏಕೆಂದರೆ ನೋಡುವವರಿಗೆ ಮೂಲ ಮುಖ ಗೊತ್ತಿರಬೇಕು. ಪು. ಲ. ಅನುಕರಿಸಿದವರಲ್ಲಿ ಹೆಚ್ಚಿನವರನ್ನು ಪ್ರೇಕ್ಷಕರು ಕಂಡೇ ಇರಲಿಲ್ಲ. ಹಾಗಾಗಿ ಅವರ ಅನುಕರಣೆ ಮೂಲದ ಮೇಲೆ ಸಾಲ ಮಾಡಲಿಲ್ಲ, ಮೂಲವನ್ನೇ ಕಟ್ಟಿಕೊಟ್ಟಿತು.

ರಾವಸಾಹೇಬರು ಬೆಳಗಾವಿಯ ಕೃಷ್ಣರಾವ್ ಹರಿಹರ. ನಾಟಕ, ಸಂಗೀತದ ಹುಚ್ಚು ಹಿಡಿದ, ದೊಡ್ಡ ದನಿಯ, ಬೈಗುಳವಿಲ್ಲದೆ ಪ್ರೀತಿ ಮಾಡಲಾರದ ಗೃಹಸ್ಥ. ‘ಗುಣ ಗಾಈನ ಆವಡೀ’ ಸಂಕಲನದ ಈ ವ್ಯಕ್ತಿಚಿತ್ರವನ್ನು ಪು. ಲ. ಓದಿ ಆಡಿ ತೋರಿಸಿದಾಗ ಮರಾಠಿ ಕೇಳುಗರು ಬಿದ್ದು ಬಿದ್ದು ನಕ್ಕದ್ದು ಆ ಕನ್ನಡ ಬೆರೆತ ಮರಾಠಿಗೆ. ಇದರ ಯಂತ್ರವನ್ನು ಹತ್ತಿರದಿಂದ ನೋಡಬೇಕು. ಮರಾಠಿಯಲ್ಲಿ ಚಹಾ ಗಂಡು, ಭಾಕರಿ ಹೆಣ್ಣು, ನೀರು ನಪುಂಸಕ: ‘ಚಹಾ ಆಲಾ’, ‘ಭಾಕರೀ ಆಲೀ’, ‘ಪಾಣೀ ಆಲಂ’. ಕನ್ನಡದಲ್ಲಿ ಮೂರಕ್ಕೂ ಒಂದೇ ಮಾತು: ಚಹಾ ಬಂತು, ರೊಟ್ಟಿ ಬಂತು, ನೀರು ಬಂತು. ಜೀವವಿಲ್ಲದ್ದಕ್ಕೆಲ್ಲ ‘ಅದು’ ಎನ್ನುವ ಕನ್ನಡದ ನಾಲಿಗೆ ಮರಾಠಿಗೆ ಹೋದಾಗ ಲಿಂಗಗಳೆಲ್ಲ ಅದಲುಬದಲಾಗುತ್ತವೆ. ಇದು ಅಜ್ಞಾನದ ತಪ್ಪಲ್ಲ. ಒಂದು ವ್ಯಾಕರಣ ಇನ್ನೊಂದರ ಅಂಗಳದಲ್ಲಿ ನಿಂತು ತನ್ನ ಲೆಕ್ಕದಲ್ಲೇ ಸರಿಯಾಗಿ ಮಾತಾಡುತ್ತಿರುತ್ತದೆ. ಪು. ಲ. ಈ ಲೆಕ್ಕವನ್ನು ಹಿಡಿದಿದ್ದರು. ಅವರ ರಾವಸಾಹೇಬರು ಬಾಯಿಗೆ ಬಂದ ಹಾಗೆ ತಪ್ಪುವುದಿಲ್ಲ, ಬೆಳಗಾವಿಯವರು ತಪ್ಪುವ ಹಾಗೆಯೇ ತಪ್ಪುತ್ತಾರೆ. ಧಾಟಿಯೂ ಹಾಗೇ. ವಾಕ್ಯದ ಕೊನೆಯನ್ನು ಎತ್ತಿ ಬಿಡುವ ರೀತಿ ಕೇಳಿದರೆ ಮರಾಠಿ ಬಾರದ ಕನ್ನಡಿಗನೂ ಇದು ತನ್ನ ಕಡೆಯವನ ಮಾತೆಂದು ಹೇಳಿಬಿಡಬಲ್ಲ.

ಈ ಚಿತ್ರದ ಹಿರಿಮೆ ಅದರ ಕೊನೆಯ ಭಾಗದಲ್ಲಿದೆ. ಅಲ್ಲಿಯವರೆಗೆ ನಗಿಸಿದ ಅದೇ ಬೈಗುಳ, ಅದೇ ಮುರುಕು ಮರಾಠಿ ಅಗಲಿಕೆಯ ದುಃಖ ಹೇಳಲು ಬರುತ್ತದೆ. ಬೆಳಗಾವಿ ಬಿಟ್ಟು ಹೊರಟವರ ಮೇಲೆ ರಾವಸಾಹೇಬರು ಸಿಟ್ಟಾಗುತ್ತಾರೆ, ಸಿಟ್ಟಿನ ಒಳಗೆ ಅಳು ಇರುತ್ತದೆ. ಪು. ಲ. ದನಿಯನ್ನು ಒಂದಿಷ್ಟೂ ಬದಲಿಸುವುದಿಲ್ಲ. ಉಚ್ಚಾರವನ್ನು ತಿದ್ದಿ ಗಂಭೀರ ಮಾಡುವುದೂ ಇಲ್ಲ. ಸಭೆಯ ನಗು ಮಾತ್ರ ತಾನಾಗಿ ನಿಂತುಹೋಗುತ್ತದೆ. ಯಾವ ಮಾತು ಹಾಸ್ಯಕ್ಕೆ ಒದಗಿತೋ ಅದೇ ಮಾತಿಗೆ ದುಃಖದ ಯೋಗ್ಯತೆಯೂ ಇದೆ ಎಂದು ತೋರಿಸಿದ್ದರಿಂದಲೇ ‘ರಾವಸಾಹೇಬ’ ಗೇಲಿಯ ಮಟ್ಟದಿಂದ ಬಹಳ ಮೇಲೆ ನಿಲ್ಲುತ್ತದೆ. ಅನುಕರಣ ಹಾಸ್ಯವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ಕನ್ನಡ ಟಿವಿಯನ್ನು ಈ ಗೋಲಿನಿಂದ ಅಳೆದರೆ ಕೊರತೆ ಕಾಣುತ್ತದೆ. ಖಾಸಗಿ ವಾಹಿನಿಗಳ ಕಾಲದಲ್ಲಿ ಉತ್ತರ ಕರ್ನಾಟಕದ ಮಾತು ನಗೆಯ ಕಾರ್ಯಕ್ರಮಗಳಿಗೆ ಧಾರಾಳವಾಗಿ ಬಂತು. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ ಮತ್ತು ಅವರ ಜೊತೆಗಾರರು ಆ ಮಾತಿಗೆ ನಾಡಿನ ತುಂಬ ಪ್ರೇಕ್ಷಕರನ್ನು ಗಳಿಸಿಕೊಟ್ಟರು. ಅದು ನಿಜವಾದ ಸಾಧನೆ. 2016ರಲ್ಲಿ ಆರಂಭವಾದ ‘ಕಾಮಿಡಿ ಕಿಲಾಡಿಗಳು’ ಟಿವಿ ಕಾರ್ಯಕ್ರಮ ಸಣ್ಣ ಊರುಗಳ ಪ್ರತಿಭೆಗಳಿಗೆ ಬಾಗಿಲು ತೆರೆಯಿತು. ಆದರೆ ವಾರವಾರದ ಸ್ಕಿಟ್ಟಿನ ಆತುರದಲ್ಲಿ ‘ಐತಿ’, ‘ಹೋಗಾಕತ್ತೇನಿ’, ‘ಲಗೂನ ಬಾ’ ಎನ್ನುವುದೇ ಹಾಸ್ಯ ಎಂಬಂತಾಯಿತು. ಬಿಜಾಪುರದ ಮಾತು, ಬೆಳಗಾವಿಯ ಮಾತು, ರಾಯಚೂರಿನ ಮಾತು ಒಂದೇ ಸಾರಿನಲ್ಲಿ ಕುದ್ದವು. ಮಿಮಿಕ್ರಿ ಎಂದರೆ ಸಿನಿಮಾ ನಟರ, ರಾಜಕಾರಣಿಗಳ ದನಿ ಎಂಬ ಸಂಕುಚಿತ ಅರ್ಥವೂ ಗಟ್ಟಿಯಾಯಿತು. ಈ ಸೀಮೆಯ ಮಾತಿನಲ್ಲಿ ಅಳುವ, ಯೋಚಿಸುವ, ಪ್ರೀತಿಸುವ ಪಾತ್ರಗಳು ಆ ವೇದಿಕೆಗಳಿಗೆ ಬಂದದ್ದು ಅಪರೂಪ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಉದಾಹರಣೆ ಈ ನಷ್ಟವನ್ನು ಸ್ಪಷ್ಟಪಡಿಸುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯ ಕಾಡಿನ ಕಡೆ ಮರಾಠಿ, ಕೊಂಕಣಿ ಹೆಚ್ಚು. ಇಟಗಿ, ಬೀಡಿ, ಪಾರಿಶ್ವಾಡದ ಬಯಲಿನ ಕಡೆ ಕನ್ನಡ ಹೆಚ್ಚು. ಎರಡೂ ಕಡೆಯವರು ಖಾನಾಪುರ ಪೇಟೆಗೆ ಇಳಿಯುತ್ತಾರೆ. ಅಂಗಡಿಯವನು ಒಬ್ಬ ಗಿರಾಕಿಗೆ ‘ಕಾಯ್ ಪಾಯಿಜೆ’ ಎಂದು ಕೇಳಿ, ಉಸಿರು ಬಿಡುವುದರೊಳಗೆ ಪಕ್ಕದವನಿಗೆ ‘ನಿಮಗೇನ್ ಬೇಕ್ರಿ’ ಅನ್ನುತ್ತಾನೆ. ದನಿ ಬದಲಾಗುತ್ತದೆ, ಭುಜ ಬದಲಾಗುತ್ತದೆ, ನಗುವ ರೀತಿಯೂ ಬದಲಾಗುತ್ತದೆ. ಒಬ್ಬನೇ ಇಬ್ಬರಾಗುವ ಈ ಕಲೆಯನ್ನು ಅಲ್ಲಿ ಯಾರೂ ಕಲೆ ಎಂದು ಕರೆಯುವುದಿಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಕುಳಿತು ‘ಉತ್ತರ ಕರ್ನಾಟಕ’ ಎಂಬ ಒಂದೇ ಹಣೆಪಟ್ಟಿ ಹಚ್ಚುವವರ ಕಿವಿಗೆ ಈ ಸೂಕ್ಷ್ಮ ಬೀಳುವುದಿಲ್ಲ.

ಪು. ಲ. ಅವರ ಚಿತ್ರದಲ್ಲೂ ಒಂದು ಮಿತಿ ಇದೆ. ಅಲ್ಲಿ ಕನ್ನಡ ಕೇಳಿಸುವುದು ಮರಾಠಿಯ ಮೇಲೆ ಬಿದ್ದ ನೆರಳಾಗಿ. ರಾವಸಾಹೇಬರು ಪೂರಾ ಕನ್ನಡದಲ್ಲಿ ಮಾತಾಡಿದಾಗ ಹೇಗಿರುತ್ತಿದ್ದರು, ಅಲ್ಲಿ ಅವರ ಮಾತಿನ ಬಿಗಿ ಎಂಥದು ಎಂಬುದು ಮರಾಠಿ ಕೇಳುಗರಿಗೆ ಸಿಗುವುದಿಲ್ಲ. ಆ ಮಿತಿ ಲೇಖಕರ ತಪ್ಪಲ್ಲ, ಅವರು ತಮ್ಮ ದಂಡೆಯಿಂದ ಕಂಡದ್ದನ್ನು ಪ್ರಾಮಾಣಿಕವಾಗಿ ಕೊಟ್ಟರು. ಎದುರು ದಂಡೆಯಿಂದ ಕೊಡಬೇಕಾದದ್ದು ಬಾಕಿ ಇದೆ. ಬೆಳಗಾವಿಯ ಮರಾಠಿ ನೆರೆಯವರ ಕನ್ನಡವನ್ನು, ಅದರ ಒತ್ತು, ಅದರ ಲಿಂಗಬೆರಕೆ, ಅದರ ಅಕ್ಕರೆ ಸಮೇತ, ಇಷ್ಟೇ ಪ್ರೀತಿಯಿಂದ ಆಡಿ ತೋರಿಸುವ ಕನ್ನಡದ ವ್ಯಕ್ತಿಚಿತ್ರವೊಂದು ಬೇಕು. ಅನುವಾದ ಇಲ್ಲಿ ಸಾಲದು. ಕನ್ನಡ ಬೆರೆತ ಮರಾಠಿಯನ್ನು ಕನ್ನಡಕ್ಕೆ ತಂದರೆ ಬೆರಕೆಯೇ ಕರಗಿಹೋಗುತ್ತದೆ. ಗಡಿಯ ತಕರಾರು ಕೋರ್ಟು, ಕಚೇರಿಗಳಲ್ಲಿ ದಶಕಗಳಿಂದ ನಡೆದಿದೆ. ಓಣಿಯಲ್ಲಿ ಎರಡೂ ಭಾಷೆಯವರು ಒಬ್ಬರ ಮಾತಿಗೆ ಒಬ್ಬರು ನಗುತ್ತ ಬದುಕಿದ್ದನ್ನು ದಾಖಲಿಸಿದ ಕೃತಿಗಳು ಮಾತ್ರ ಬೆರಳೆಣಿಕೆಯಷ್ಟು.

ಪು. ಲ. ದೇಶಪಾಂಡೆ 2000ದ ಜೂನ್ 12ರಂದು ಪುಣೆಯಲ್ಲಿ ತೀರಿಕೊಂಡರು. ‘ರಾವಸಾಹೇಬ’ದ ಧ್ವನಿಮುದ್ರಣ ಈಗಲೂ ಸಿಗುತ್ತದೆ. ಮರಾಠಿ ಅಲ್ಪಸ್ವಲ್ಪ ತಿಳಿಯುವ ಕನ್ನಡದ ಓದುಗರು ಅದನ್ನೊಮ್ಮೆ ಪೂರ್ತಿ ಕೇಳಬೇಕು. ಬೆಳಗಾವಿ, ಖಾನಾಪುರದ ರಂಗಕರ್ಮಿಗಳಂತೂ ಕೇಳಲೇಬೇಕು, ಕೇಳಿದ ಮೇಲೆ ತಮ್ಮ ಓಣಿಯ ಹಿರಿಯರ ಮಾತನ್ನು ಅವರು ಇರುವಾಗಲೇ ಮುದ್ರಿಸಿಕೊಳ್ಳಬೇಕು.